ರೀಲು ತೊಳೆಸೋಕೆ ಯಾರ ಹತ್ರ ಕೊಡೋದು?

ಅಕ್ಕನ ಸೀಮಂತಕ್ಕೆ ಇನ್ನು ನಾಲ್ಕೇ ದಿನ ಅನ್ನುವಾಗ ಹೊಸ ಕ್ಯಾಮೆರಾ ಮನೆಗೆ ಬಂತು. ಇಎಂಐ ಮೇಲೆ ತಗೊಂಡಿದ್ದು, ಹಾಗಾಗಿ ಅದು ಪೂರ್ತಿ ನನ್ನದಾಗೋಕೆ ಇನ್ನೂ ಹನ್ನೊಂದು ಕಂತು ಬಾಕಿ ಇತ್ತು. ಆದರೂ ಸೀಮಂತದ ದಿನ ಬೆಳಗ್ಗೆಯಿಂದ ಅದು ನನ್ನ ಕುತ್ತಿಗೆಯಿಂದ ಕೆಳಗಿಳಿಯಲಿಲ್ಲ. ಅಕ್ಕನ ಕೈ ತುಂಬ ಹಸಿರು ಬಳೆ, ಮಡಿಲು ತುಂಬೋಕೆ ಬಂದ ಅತ್ತೆಯಂದಿರು, ಆರತಿ ತಟ್ಟೆ ಹಿಡಿದು ನಡುಗ್ತಿದ್ದ ಅಜ್ಜಿಯ ಕೈ, ಎಲ್ಲಾ ಸೇರಿ ನಾನೂರಕ್ಕೂ ಹೆಚ್ಚು ಫೋಟೋ. 'ಜೆಪೆಗ್‌ನಲ್ಲಿ ತೆಗಿಬೇಡ ಮಾರಾಯ, ರಾ ಫೈಲ್ ಇಟ್ಕೋ, ಆಮೇಲೆ ಹೇಗೆ ಬೇಕೋ ಹಾಗೆ ತಿದ್ದಬಹುದು' ಅಂತ ಗೆಳೆಯನೊಬ್ಬ ಹೇಳಿದ್ದ. ಅವನ ಮಾತು ಕೇಳಿ ಎಲ್ಲವನ್ನೂ ರಾ ಫೈಲಿನಲ್ಲೇ ತೆಗೆದೆ.

ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ತೆಗೆದು ಕೂತೆ. ಅದರಲ್ಲಿ ಐದಾರು ವರ್ಷದ ಹಿಂದೆ ದುಡ್ಡು ಕೊಟ್ಟು ಕೊಂಡ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್ ಇತ್ತು. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ಇದು ಯಾವ ಬಗೆಯ ಫೈಲೋ ತನಗೆ ತಿಳಿಯದು ಅನ್ನೋ ಅರ್ಥದ ಒಂದು ಸಾಲು ಬಂತು. ಇನ್ನೊಂದು ಫೈಲ್ ಒತ್ತಿದೆ. ಅದೇ ಸಾಲು. ತಮಾಷೆ ಅಂದ್ರೆ ಕ್ಯಾಮೆರಾದ ಹಿಂಬದಿ ಪರದೆಯಲ್ಲಿ ಅದೇ ಫೋಟೋ ಚೆನ್ನಾಗಿ ಕಾಣ್ತಿದೆ! ಫೋಲ್ಡರಿನಲ್ಲೂ ಅಂಚೆಚೀಟಿ ಗಾತ್ರದಲ್ಲಿ ಅಕ್ಕ ನಗ್ತಿದ್ದಾಳೆ. ತೆರೆಯೋಕೆ ಹೋದರೆ ಮಾತ್ರ ಇಲ್ಲ.

ಮಾರನೇ ದಿನ ಅಕ್ಕನ ಫೋನು. 'ಏನೋ, ಫೋಟೋ ಯಾವಾಗ ಕಳಿಸ್ತೀಯಾ? ನಮ್ಮತ್ತೆ ಬೆಳಗ್ಗೆಯಿಂದ ಮೂರು ಸಲ ಕೇಳಿದ್ರು.'

'ಫೈಲ್ ಓಪನ್ ಆಗ್ತಿಲ್ಲ ಕಣೇ. ಕ್ಯಾಮೆರಾ ಹೊಸದು, ಸಾಫ್ಟ್‌ವೇರ್ ಹಳೇದು.'

ಫೋನು ಸ್ಪೀಕರಿನಲ್ಲಿತ್ತು ಅನ್ಸುತ್ತೆ. ಹಿಂದಿನಿಂದ ಅಪ್ಪನ ದನಿ ಕೇಳಿಸ್ತು. 'ಅದಕ್ಕೇನಂತೆ? ಯಾವುದಾದ್ರೂ ಸ್ಟುಡಿಯೋದವರ ಹತ್ರ ತೊಳೆಸೋಕೆ ಕೊಡು ಅನ್ನು.'

ನಾನೂ ಅಕ್ಕನೂ ನಕ್ಕೆವು. ಡಿಜಿಟಲ್ ಕ್ಯಾಮೆರಾದ ಫೋಟೋನ ತೊಳೆಸೋದಾ? ಆದ್ರೆ ಆಮೇಲೆ ಯೋಚನೆ ಮಾಡ್ತಾ ಹೋದಂಗೆ, ನಗಬೇಕಾದ್ದು ಅಪ್ಪನ ಪ್ರಶ್ನೆಗಲ್ಲ ಅನ್ನಿಸ್ತು. ಅವರು ಬೆಳೆದ ಕಾಲದಲ್ಲಿ ರೀಲು ಯಾವ ಕಂಪನಿಯದೇ ಆಗಿರಲಿ, ಕ್ಯಾಮೆರಾ ಯಾವ ವರ್ಷದ್ದೇ ಆಗಿರಲಿ, ಪೇಟೆಯ ಯಾವುದೇ ಸ್ಟುಡಿಯೋಗೆ ಕೊಟ್ಟರೆ ಫೋಟೋ ಬರ್ತಿತ್ತು. ಆ ಅನುಕೂಲ ಎಲ್ಲಿಂದ ಬಂತು, ನಮ್ಮ ಕಾಲಕ್ಕೆ ಎಲ್ಲಿ ಹೋಯ್ತು? ಹುಡುಕ್ತಾ ಹೋದರೆ ಅದರದ್ದೇ ಒಂದು ಇತಿಹಾಸ ಇದೆ.

ಮೊದಲು ರೀಲಿನ ಕಥೆ. ಕ್ಯಾಮೆರಾದ ಹಿಂಬಾಗಿಲು ತೆಗೆದು ಕೂರಿಸ್ತಿದ್ದ ಆ ಪುಟ್ಟ 35 ಮಿ.ಮೀ. ಡಬ್ಬಿ ಇದೆಯಲ್ಲ, ಅದನ್ನು ಅಮೆರಿಕದ ಕೊಡಾಕ್ ಕಂಪನಿ ಮಾರುಕಟ್ಟೆಗೆ ತಂದಿದ್ದು 1934ರಲ್ಲಿ. ಮುಂದೆ ಎಲ್ಲರೂ ಅದೇ ಅಳತೆ ಹಿಡಿದರು. ಇನ್ನು ತೊಳೆಯೋ ವಿಚಾರ. 1972ರಲ್ಲಿ ಕೊಡಾಕ್ ಕಲರ್ ನೆಗೆಟಿವ್ ತೊಳೆಯೋಕೆ ಸಿ-41 ಅನ್ನೋ ವಿಧಾನ ತಂತು. ಯಾವ ರಾಸಾಯನಿಕ, ಎಷ್ಟು ಬಿಸಿ, ಎಷ್ಟು ನಿಮಿಷ ಅನ್ನೋ ಒಂದು ಅಡುಗೆ ಪಟ್ಟಿ ಅದು. ಫ್ಯೂಜಿ, ಕೋನಿಕಾ, ಆಗ್ಫಾ ಎಲ್ಲರೂ ನಿಧಾನಕ್ಕೆ ತಮ್ಮ ಫಿಲಂ ಅದೇ ಪಟ್ಟಿಗೆ ಹೊಂದೋ ಹಾಗೆ ಮಾಡಿಕೊಂಡರು. ಹೆಸರು ತಮ್ಮ ತಮ್ಮದೇ ಇಟ್ಟುಕೊಂಡರೂ ಒಳಗಿನ ವಿಧಾನ ಒಂದೇ. ಅದರಿಂದಾಗಿ ಸ್ಟುಡಿಯೋದವನ ಹತ್ರ ಒಂದೇ ಮೆಷಿನ್ ಇದ್ದರೂ ಸಾಕಿತ್ತು. ಇವತ್ತು ಅಂಗಡಿಗೆ ಬಂದ ಹೊಚ್ಚ ಹೊಸ ರೀಲನ್ನು ಹತ್ತು ವರ್ಷ ಹಳೇ ಮೆಷಿನ್ ತೊಳೀತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹೊಸ ಫೈಲು, ಹಳೇ ಸಾಫ್ಟ್‌ವೇರು, ತೊಂದರೆ ಏನಿಲ್ಲ!

ಹಾಗಂತ ಆ ಕಾಲದಲ್ಲಿ ಎಲ್ಲವೂ ಹಾಗೇ ಇತ್ತು ಅಂದುಕೊಳ್ಳಬೇಡಿ. ಅದೇ ಕೊಡಾಕ್ 1935ರಲ್ಲೇ ಕೊಡಾಕ್ರೋಮ್ ಅನ್ನೋ ಸ್ಲೈಡ್ ಫಿಲಂ ತಂದಿತ್ತು. ಅದರ ಬಣ್ಣ ನೋಡಿ ಮರುಳಾಗದವರೇ ಇಲ್ಲ. ಆದರೆ ಅದರಲ್ಲಿ ಒಂದು ವಿಚಿತ್ರ ಇತ್ತು. ಬಣ್ಣ ಕೊಡೋ ವಸ್ತು ಫಿಲಮ್ಮಿನೊಳಗೆ ಇರ್ತಾನೇ ಇರಲಿಲ್ಲ, ತೊಳೆಯೋವಾಗ ಹೊರಗಿನಿಂದ ಸೇರಿಸಬೇಕಿತ್ತು. ಆ ಕೆಲಸ ತುಂಬ ನಾಜೂಕಿನದು, ಕೆಲವೇ ಲ್ಯಾಬುಗಳಿಗೆ ಮಾತ್ರ ಸಾಧ್ಯ. 2009ರಲ್ಲಿ ಕೊಡಾಕ್ ಈ ಫಿಲಂ ನಿಲ್ಲಿಸಿತು. ಅಷ್ಟರಲ್ಲಿ ಜಗತ್ತಿನಲ್ಲಿ ಅದನ್ನು ತೊಳೆಯೋ ಲ್ಯಾಬು ಒಂದೇ ಒಂದು ಉಳಿದಿತ್ತು, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಅನ್ನೋ ಸಣ್ಣ ಊರಿನಲ್ಲಿ. 2010ರ ಡಿಸೆಂಬರ್ 30ಕ್ಕೆ ಅವರೂ ರೀಲು ತಗೊಳ್ಳೋದನ್ನ ನಿಲ್ಲಿಸಿದರು. ಅದಾದ ಮೇಲೆ ಯಾರ ಮನೆಯ ಅಟ್ಟದಲ್ಲಾದರೂ ತೊಳೆಸದ ಕೊಡಾಕ್ರೋಮ್ ರೀಲು ಸಿಕ್ಕಿದರೆ, ಹೆಚ್ಚೆಂದರೆ ಕಪ್ಪುಬಿಳುಪು ಚಿತ್ರ ತೆಗೀಬಹುದು. ಅದರ ಅಸಲಿ ಬಣ್ಣ ಇನ್ನು ಸಿಗೋದಿಲ್ಲ.

ಈ ಎರಡು ರೀಲುಗಳನ್ನ ನೆನಪಿನಲ್ಲಿ ಇಟ್ಕೊಳ್ಳಿ. ಒಂದರ ಅಡುಗೆ ಪಟ್ಟಿ ಊರಿಗೆಲ್ಲ ಗೊತ್ತು. ಇನ್ನೊಂದರದ್ದು ಬೆರಳೆಣಿಕೆಯ ಮನೆಗಳ ಒಳಗೆ. ಡಿಜಿಟಲ್ ಕ್ಯಾಮೆರಾ ಬಂದಾಗ ಅದು ಯಾವ ದಾರಿ ಹಿಡೀತು ಅನ್ನೋದೇ ಮುಂದಿನ ಕಥೆ.

ಇದರ ಆರಂಭವೂ ಕೊಡಾಕ್‌ನಲ್ಲೇ. 1975ರಲ್ಲಿ ಸ್ಟೀವನ್ ಸ್ಯಾಸನ್ ಅನ್ನೋ ಯುವ ಎಂಜಿನಿಯರ್ ಮೊದಲ ಡಿಜಿಟಲ್ ಕ್ಯಾಮೆರಾ ಜೋಡಿಸಿದ. ಸುಮಾರು ಮೂರೂವರೆ ಕೆ.ಜಿ. ತೂಕ. ಉದ್ದಕ್ಕೆ 100 ಚುಕ್ಕೆ, ಅಗಲಕ್ಕೆ 100 ಚುಕ್ಕೆ, ಕಪ್ಪುಬಿಳುಪು. ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಬರೆಯೋಕೆ 23 ಸೆಕೆಂಡು! ಅದೇ ಹೊತ್ತಿನಲ್ಲಿ ಅದೇ ಕಂಪನಿಯ ಬ್ರೈಸ್ ಬೇಯರ್ ಅನ್ನೋ ವಿಜ್ಞಾನಿ ಬಣ್ಣದ ಸಮಸ್ಯೆ ಬಿಡಿಸ್ತಾ ಇದ್ದರು. ಸೆನ್ಸರಿನ ಚುಕ್ಕೆಗೆ ಬೆಳಕು ಎಷ್ಟು ಬಿತ್ತು ಅಂತ ಮಾತ್ರ ಗೊತ್ತಾಗುತ್ತೆ, ಯಾವ ಬಣ್ಣ ಅಂತ ಗೊತ್ತಾಗಲ್ಲ. ಅದಕ್ಕೆ ಅವರು ಪ್ರತಿ ಚುಕ್ಕೆಯ ಮೇಲೂ ಒಂದೊಂದು ಬಣ್ಣದ ಗಾಜು ಕೂರಿಸೋ ಉಪಾಯ ಮಾಡಿದರು. ಚೌಕಾಬಾರದ ಮನೆಗಳ ಹಾಗೆ ಅಂದುಕೊಳ್ಳಿ. ಪ್ರತಿ ನಾಲ್ಕು ಮನೆಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ನಮ್ಮ ಕಣ್ಣು ಬೆಳಕಿನ ಸೂಕ್ಷ್ಮಗಳನ್ನ ಹೆಚ್ಚಾಗಿ ಗ್ರಹಿಸೋದು ಹಸಿರಿನ ಭಾಗದಲ್ಲಿ, ಅದಕ್ಕೇ ಹಸಿರಿಗೆ ಎರಡು ಪಾಲು. 1976ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ಇವತ್ತು ನಿಮ್ಮ ಜೇಬಿನಲ್ಲಿರೋ ಫೋನಿನ ಕ್ಯಾಮೆರಾದಲ್ಲೂ ಹೆಚ್ಚುಕಡಿಮೆ ಅದೇ ಚೌಕಾಬಾರ ಇದೆ.

ಈಗ ರಾ ಫೈಲ್ ಅಂದ್ರೆ ಏನು ಅಂತ ಹೇಳೋದು ಸುಲಭ. ಆ ಚೌಕಾಬಾರದ ಒಂದೊಂದು ಮನೆಯಲ್ಲೂ ಬಿದ್ದ ಬೆಳಕಿನ ಅಳತೆಯ ಪಟ್ಟಿ, ಅಷ್ಟೇ. ಒಂದು ಮನೆಗೆ ಒಂದೇ ಅಂಕಿ. ಕೆಂಪು ಮನೆಯಲ್ಲಿ ಹಸಿರೆಷ್ಟಿತ್ತು, ನೀಲಿ ಎಷ್ಟಿತ್ತು ಅನ್ನೋದನ್ನ ಅಕ್ಕಪಕ್ಕದ ಮನೆ ನೋಡಿ ಊಹಿಸಬೇಕು. ಅಂದರೆ ರಾ ಫೈಲ್ ಇನ್ನೂ ಫೋಟೋನೇ ಅಲ್ಲ. ಜೆಪೆಗ್ ಅನ್ನೋದು ತಟ್ಟೆಗೆ ಬಿದ್ದ ದೋಸೆ. ರಾ ಫೈಲ್ ರುಬ್ಬಿಟ್ಟ ಹಿಟ್ಟು. ಹಿಟ್ಟಿದ್ದರೆ ತೆಳ್ಳಗೆ ಹುಯ್ಯಬಹುದು, ದಪ್ಪಗೆ ಹುಯ್ಯಬಹುದು, ಉಪ್ಪು ಕಮ್ಮಿಯಾಗಿದ್ದರೆ ಸೇರಿಸಬಹುದು. ಸೀದುಹೋದ ದೋಸೆಗೆ ಏನೂ ಮಾಡೋಕಾಗಲ್ಲ. ಲೆಕ್ಕದಲ್ಲಿ ಹೇಳೋದಾದ್ರೆ ಜೆಪೆಗ್ ಒಂದು ಬಣ್ಣಕ್ಕೆ 256 ಮಟ್ಟ ಇಟ್ಕೊಳ್ಳುತ್ತೆ. 14 ಬಿಟ್ಟಿನ ರಾ ಫೈಲ್ 16,384 ಮಟ್ಟ ಇಟ್ಕೊಳ್ಳುತ್ತೆ. ಗೆಳೆಯ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದ್ರೆ ಹಿಟ್ಟನ್ನು ದೋಸೆ ಮಾಡೋಕೆ ಸಾಫ್ಟ್‌ವೇರಿಗೆ ಕೆಲವು ಸಂಗತಿ ಗೊತ್ತಿರಲೇಬೇಕು. ಅಂಕಿಗಳನ್ನು ಯಾವ ರೀತಿ ಒತ್ತಿ ಚಿಕ್ಕದು ಮಾಡಿದ್ದಾರೆ? ಪೂರ್ತಿ ಕತ್ತಲೆಯಲ್ಲಿ ಈ ಸೆನ್ಸರ್ ಕೊಡೋ ಅಂಕಿ ಎಷ್ಟು? ತುಂಬಿ ತುಳುಕೋ ಅಂಕಿ ಎಷ್ಟು? ಮೊದಲ ಮನೆ ಕೆಂಪೋ ಹಸಿರೋ? ಅಂಚಿನ ಎಷ್ಟು ಸಾಲು ಬಿಡಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಈ ಸೆನ್ಸರಿನ 'ಕೆಂಪು' ನಮ್ಮ ಕಣ್ಣಿನ ಯಾವ ಕೆಂಪಿಗೆ ಸಮ? ಈ ಉತ್ತರಗಳು ಒಂದೊಂದು ಕ್ಯಾಮೆರಾ ಮಾಡೆಲ್ಲಿಗೂ ಬೇರೆ. ಕಂಪನಿಗಳು ಇವನ್ನು ಊರಿಗೆಲ್ಲ ಹೇಳಲಿಲ್ಲ. ನಿಕಾನ್ ತನ್ನ ಫೈಲಿಗೆ ಎನ್‌ಇಎಫ್ ಅಂತ ಹೆಸರಿಟ್ಟಿತು, ಕ್ಯಾನನ್ ಸಿಆರ್‌ಡಬ್ಲ್ಯು ಅಂತ, ಆಮೇಲೆ ಸಿಆರ್2 ಅಂತ. ಮಿನೋಲ್ಟಾದ್ದು ಎಂಆರ್‌ಡಬ್ಲ್ಯು, ಸೋನಿದು ಎಆರ್‌ಡಬ್ಲ್ಯು. ಹೆಸರು ಒಂದೇ ಇದ್ದರೂ ಮಾಡೆಲ್ ಬದಲಾದಂಗೆ ಒಳಗಿನ ವಿವರ ಬದಲಾಗ್ತಾ ಹೋಯ್ತು.

ಇವುಗಳಲ್ಲಿ ಹೆಚ್ಚಿನವು ಟಿಫ್ ಅನ್ನೋ ಹಳೇ ಫೈಲ್ ರಚನೆಯ ಮೇಲೆ ಕಟ್ಟಿದವು. 1986ರಿಂದ ಎಲ್ಲರಿಗೂ ಗೊತ್ತಿರೋ ರಚನೆ ಅದು. ಹಾಗಾಗಿ ಹಳೇ ಸಾಫ್ಟ್‌ವೇರಿಗೆ ಫೈಲಿನ ಹೊರಬಾಗಿಲು ಸಿಗುತ್ತೆ, ಜಗುಲಿಯಲ್ಲಿ ಇಟ್ಟಿರೋ ಸಣ್ಣ ಜೆಪೆಗ್ ಚಿತ್ರ ಕಾಣುತ್ತೆ. ನಡುಮನೆಯ ಬಾಗಿಲು ಮಾತ್ರ ತೆರೆಯೋಕೆ ಬರಲ್ಲ. ನನ್ನ ಅಂಚೆಚೀಟಿ ಗಾತ್ರದ ಅಕ್ಕನ ರಹಸ್ಯ ಇದೇ. ಸಾಫ್ಟ್‌ವೇರಿಗೆ ವಯಸ್ಸಾಗಿ ಕಣ್ಣು ಮಂಜಾಗಿಲ್ಲ. ಅದು ತಯಾರಾದ ದಿನ ಈ ಕ್ಯಾಮೆರಾ ಹುಟ್ಟೇ ಇರಲಿಲ್ಲ, ಅದರ ವಿವರ ಯಾರೂ ಬರೆದು ಕೊಟ್ಟಿರಲಿಲ್ಲ, ಅಷ್ಟೇ.

ಅಂದ್ರೆ ಡಿಜಿಟಲ್ ಕ್ಯಾಮೆರಾ ಹಿಡಿದಿದ್ದು ಸಿ-41ರ ದಾರಿಯಲ್ಲ. ಕೊಡಾಕ್ರೋಮ್ ದಾರಿ.

ಈ ಬಾಗಿಲುಗಳನ್ನ ಮೊದಲು ಬಡಿದವರಲ್ಲಿ ಒಬ್ಬನ ಹೆಸರು ನಮ್ಮ ಐಟಿ ಜಗತ್ತಿನಲ್ಲೂ ಹೆಚ್ಚು ಜನಕ್ಕೆ ಗೊತ್ತಿಲ್ಲ. ಡೇವ್ ಕಾಫಿನ್, ಅಮೆರಿಕದ ಪ್ರೋಗ್ರಾಮರ್. 1997ರಲ್ಲಿ ತನ್ನ ಕ್ಯಾನನ್ ಪವರ್‌ಶಾಟ್ ಕ್ಯಾಮೆರಾದ ರಾ ಫೈಲ್ ಓದೋಕೆ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದ. ಕಂಪನಿ ಕೊಟ್ಟ ದಾಖಲೆ ಯಾವುದೂ ಇಲ್ಲ. ಫೈಲಿನ ಅಂಕಿಗಳನ್ನ ದಿಟ್ಟಿಸಿ ನೋಡಿ, ಇದು ಹೀಗಿರಬಹುದು ಅಂತ ಊಹೆ ಮಾಡಿ, ಪರೀಕ್ಷೆ ಮಾಡಿ ಬರೆದದ್ದು. ಆಮೇಲೆ ಬೇರೆ ಕ್ಯಾಮೆರಾಗಳನ್ನ ಒಂದೊಂದಾಗಿ ಸೇರಿಸ್ತಾ ಹೋದ. ಆ ಪ್ರೋಗ್ರಾಮಿನ ಹೆಸರು ಡಿಸಿರಾ. ಯಾವುದೇ ಕ್ಯಾಮೆರಾದ ರಾ ಫೈಲು, ಯಾವುದೇ ಕಂಪ್ಯೂಟರಿನಲ್ಲಿ, ಯಾವುದೇ ಆಪರೇಟಿಂಗ್ ಸಿಸ್ಟಮಿನಲ್ಲಿ ತೆರೀಬೇಕು ಅನ್ನೋದು ಅವನ ಗುರಿ. ಸುಮಾರು ಹತ್ತು ಸಾವಿರ ಸಾಲು, ಎಲ್ಲಾ ಒಂದೇ ಫೈಲಿನಲ್ಲಿ! ನಮ್ಮ ಆಫೀಸಿನ ಕೋಡ್ ರಿವ್ಯೂಗೆ ಹಾಕಿದ್ರೆ ಮೊದಲ ದಿನವೇ ವಾಪಸ್ ಬರ್ತಿತ್ತು. ಆದ್ರೆ ಎರಡು ದಶಕ ಆ ಒಂದು ಫೈಲು ನೂರಾರು ಕ್ಯಾಮೆರಾಗಳ ಬೀಗದ ಕೈ ಗೊಂಚಲಾಗಿ ಕೆಲಸ ಮಾಡಿತು. ಕೋಡು ಎಲ್ಲರಿಗೂ ಮುಕ್ತವಾಗಿತ್ತು, ಹಾಗಾಗಿ ಹಲವು ಸಾಫ್ಟ್‌ವೇರುಗಳು ಅದನ್ನೇ ಬುನಾದಿ ಮಾಡಿಕೊಂಡವು. ಕೊನೆಯ ಆವೃತ್ತಿ ಬಂದದ್ದು 2018ರಲ್ಲಿ. ಅದರ ಮೇಲೆ ಕಟ್ಟಿದ ಲಿಬ್‌ರಾ ಅನ್ನೋ ಲೈಬ್ರರಿ ಈಗ ಆ ಕೆಲಸ ಮುಂದುವರಿಸ್ತಿದೆ.

ದುಡ್ಡಿನ ಸಾಫ್ಟ್‌ವೇರಿನ ಕಡೆ ಇದೇ ಕೆಲಸ ಮಾಡಿದವರು ಥಾಮಸ್ ನಾಲ್. ತಮ್ಮ ಜಾನ್ ಜೊತೆ ಸೇರಿ ಫೋಟೋಶಾಪ್ ಹುಟ್ಟುಹಾಕಿದ ಮನುಷ್ಯ. 2003ರಲ್ಲಿ ಅಡೋಬಿ ಕಂಪನಿ ಅವರ 'ಕ್ಯಾಮೆರಾ ರಾ' ಅನ್ನೋ ಪ್ಲಗ್ಇನ್ನನ್ನು ಫೋಟೋಶಾಪ್ 7ಕ್ಕೆ ಬಿಡುಗಡೆ ಮಾಡಿತು. ಬೆಲೆ 99 ಡಾಲರ್. ಅದೇ ವರ್ಷದ ಕೊನೆಗೆ ಬಂದ ಫೋಟೋಶಾಪ್ ಸಿಎಸ್‌ನಲ್ಲಿ ಅದು ಒಳಗೇ ಸೇರಿ ಬಂತು. ಛಾಯಾಗ್ರಾಹಕರಿಗೆ ಹಬ್ಬ. ಪ್ರತಿ ಕಂಪನಿಯ ಬೇರೆ ಬೇರೆ ಸಾಫ್ಟ್‌ವೇರ್ ಇಟ್ಕೊಳ್ಳೋ ಗೋಳಿಲ್ಲ, ಎಲ್ಲಾ ಒಂದೇ ಕಡೆ. ಹೊಸ ಕ್ಯಾಮೆರಾ ಬಂತಾ? ಕೆಲವು ವಾರ ಕಾದರೆ ಪ್ಲಗ್ಇನ್ನಿನ ಹೊಸ ಆವೃತ್ತಿ ಪುಕ್ಕಟೆ ಬರುತ್ತೆ.

ಆದ್ರೆ ಇಲ್ಲೊಂದು ಕೊಕ್ಕೆ ಇತ್ತು. ಪ್ರತಿ ಫೋಟೋಶಾಪಿಗೂ ಪ್ಲಗ್ಇನ್ ಒಂದು ಹಂತದವರೆಗೆ ಮಾತ್ರ. ಸಿಎಸ್‌ಗೆ 2.4ರ ತನಕ. ಸಿಎಸ್2ಕ್ಕೆ 3.7ರ ತನಕ. ಸಿಎಸ್3ಕ್ಕೆ 4.6ರ ತನಕ. ಇದರ ಅರ್ಥ ಏನಾಗುತ್ತೆ ನೋಡಿ. 2007ರಲ್ಲಿ ನೀವು ಸಿಎಸ್3 ಕೊಂಡಿರಿ. 2008ರ ಸೆಪ್ಟೆಂಬರಿನಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಅನ್ನು ಘೋಷಿಸಿತು. ಮದುವೆ ಫೋಟೋ ತೆಗೆಯೋರಿಂದ ಸಿನಿಮಾ ತೆಗೆಯೋರ ತನಕ ಎಲ್ಲರೂ ಮುಗಿಬಿದ್ದ ಕ್ಯಾಮೆರಾ. ಅದರ ರಾ ಫೈಲಿಗೆ ಬೆಂಬಲ ಬಂದದ್ದು ಕ್ಯಾಮೆರಾ ರಾ 5.2ರಲ್ಲಿ. ಅದು ನಡೆಯೋದು ಸಿಎಸ್4ರಲ್ಲಿ ಮಾತ್ರ. ನಿಮ್ಮ ಸಿಎಸ್3ಕ್ಕೆ ಆಗ ಸುಮಾರು ಒಂದೂವರೆ ವರ್ಷ, ಅಷ್ಟರಲ್ಲೇ ಅದು 'ಹಳೇದು'. ಕ್ಯಾಮೆರಾಗೆ ಕೊಟ್ಟ ದುಡ್ಡಿನ ಜೊತೆ ಸಾಫ್ಟ್‌ವೇರಿಗೂ ಇನ್ನೊಂದು ಸಲ ಜೇಬಿಗೆ ಕೈ ಹಾಕಬೇಕು.

2013ರಲ್ಲಿ ಅಡೋಬಿ ಇನ್ನು ಮುಂದೆ ಹೊಸ ಆವೃತ್ತಿಗಳನ್ನ ಚಂದಾ ಲೆಕ್ಕದಲ್ಲೇ ಕೊಡ್ತೀವಿ ಅಂತು. ಒಂದೇ ಸಲ ದುಡ್ಡು ಕೊಟ್ಟು ಕೊಂಡ ಕೊನೆಯ ಫೋಟೋಶಾಪ್ ಆದ ಸಿಎಸ್6ಕ್ಕೆ ಪ್ಲಗ್ಇನ್ 9.1.1ಕ್ಕೆ, ಅಂದರೆ 2015ಕ್ಕೆ ನಿಂತಿತು. ಲೈಟ್‌ರೂಮ್ 6ಕ್ಕೆ 2017ರ ಡಿಸೆಂಬರಿನಲ್ಲಿ ಬಂದದ್ದೇ ಕೊನೆಯ ಅಪ್‌ಡೇಟ್. ಆಮೇಲೆ ಹುಟ್ಟಿದ ಕ್ಯಾಮೆರಾಗಳ ಹೆಸರು ಅವಕ್ಕೆ ಗೊತ್ತೇ ಇಲ್ಲ.

ಕಂಪನಿ ಕಡೆಯ ನ್ಯಾಯವೂ ಇದೆ, ಅದನ್ನೂ ಹೇಳ್ಬೇಕು. ಒಂದೊಂದು ಹೊಸ ಕ್ಯಾಮೆರಾ ತರಿಸಿ, ಅಳತೆ ಮಾಡಿ, ಬಣ್ಣ ಹೊಂದಿಸೋದು ದುಡ್ಡಿನ ಕೆಲಸ. ಹಳೇ ಗಿರಾಕಿಗೆ ಎಷ್ಟು ವರ್ಷ ಪುಕ್ಕಟೆ ಮಾಡಿಕೊಡ್ತಾರೆ? ನಮ್ಮಲ್ಲಿ ಅನೇಕರು ಹಳೇ ಆವೃತ್ತಿಗೆ ಸಪೋರ್ಟ್ ನಿಲ್ಲಿಸೋ ಮೀಟಿಂಗಿನಲ್ಲಿ ಕೂತವರೇ. ಆದ್ರೆ ಈ ಅಳತೆಯ ಕೆಲಸ ಮೂರನೆಯವರು ಮತ್ತೆ ಮತ್ತೆ ಯಾಕೆ ಮಾಡಬೇಕು? ಸೆನ್ಸರ್ ಯಾವುದು, ಅಂಕಿ ಹೇಗೆ ಬರೆದಿದೆ ಅನ್ನೋದು ಕ್ಯಾಮೆರಾ ಮಾಡಿದವರಿಗೆ ಮೊದಲ ದಿನವೇ ಗೊತ್ತಲ್ವಾ?

ಈ ಪ್ರಶ್ನೆ ಬೀದಿಗೆ ಬಂದದ್ದು 2005ರಲ್ಲಿ. ನಿಕಾನ್ ತನ್ನ ಡಿ2ಎಕ್ಸ್ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ವಿವರವನ್ನ ಎನ್‌ಕ್ರಿಪ್ಟ್ ಮಾಡಿತು. ಟ್ಯೂಬ್‌ಲೈಟಿನ ಕೆಳಗೆ ತೆಗೆದಿದ್ದೋ ಬಿಸಿಲಲ್ಲಿ ತೆಗೆದಿದ್ದೋ ನೋಡಿ ಬಿಳಿಯನ್ನ ಬಿಳಿಯಾಗಿ ತೋರಿಸೋ ಅಂಕಿ ಅದು. ಅದನ್ನು ಒಡೆದರೆ ಅಮೆರಿಕದ 1998ರ ಡಿಎಂಸಿಎ ಕಾಯ್ದೆಯಡಿ ಕೇಸು ಬೀಳಬಹುದು, ಹಾಗಾಗಿ ನಾವು ಅದನ್ನು ಓದೋಕೆ ಹೋಗಲ್ಲ ಅಂತ ನಾಲ್ ಬಹಿರಂಗವಾಗಿ ಹೇಳಿದರು. ಗದ್ದಲ ಎದ್ದಿತು. ತನ್ನ ಅಭಿವೃದ್ಧಿ ಕಿಟ್ ಬಳಸಿದರೆ ಆ ಮಾಹಿತಿ ಸಿಗುತ್ತೆ, ಇದೆಲ್ಲ ಚಿತ್ರದ ಗುಣಮಟ್ಟ ಕಾಯೋಕೆ ಅನ್ನೋದು ನಿಕಾನ್ ವಾದ. ಛಾಯಾಗ್ರಾಹಕರ ವಾದ ಇನ್ನೂ ಸರಳ. ಕ್ಯಾಮೆರಾ ನನ್ನ ದುಡ್ಡಿನದ್ದು, ಫೋಟೋ ನಾನು ತೆಗೆದದ್ದು, ಆ ಬಿಳಿಯ ಅಂಕಿ ನಾನು ನಿಂತಿದ್ದ ಜಾಗದ್ದು. ಅದನ್ನು ನನ್ನಿಂದಲೇ ಬಚ್ಚಿಟ್ಟರೆ ಹೇಗೆ? ಅಷ್ಟರಲ್ಲಿ ಡೇವ್ ಕಾಫಿನ್ ಸದ್ದಿಲ್ಲದೆ ಆ ಬೀಗವನ್ನೂ ಬಿಡಿಸಿ ಡಿಸಿರಾದಲ್ಲಿ ಸೇರಿಸಿಬಿಟ್ಟಿದ್ದ. ಅದೇ ವರ್ಷ ಓಪನ್‌ರಾ ಅನ್ನೋ ಹೆಸರಿನಲ್ಲಿ ಛಾಯಾಗ್ರಾಹಕರ ಒಂದು ಗುಂಪು ಎದ್ದಿತು. ರಾ ಫೈಲಿನ ವಿವರ ಬಹಿರಂಗ ಮಾಡಿ ಅನ್ನೋದು ಅವರ ಒಂದೇ ಬೇಡಿಕೆ.

ಇದಕ್ಕೆ ಸ್ವಲ್ಪ ಮುಂಚೆ, 2004ರ ಸೆಪ್ಟೆಂಬರಿನಲ್ಲಿ ಅಡೋಬಿ ಇನ್ನೊಂದು ದಾರಿ ತೋರಿಸಿತ್ತು. ಡಿಎನ್‌ಜಿ ಅಂತ ಅದರ ಹೆಸರು. ಉಪಾಯ ಸರಳ. ಮೇಲೆ ನಾನು ಪಟ್ಟಿ ಮಾಡಿದ ಪ್ರಶ್ನೆಗಳಿಗೆ ಉತ್ತರ ಸಾಫ್ಟ್‌ವೇರಿನಲ್ಲಿ ಇರೋದು ಬೇಡ, ಫೈಲಿನ ಒಳಗೇ ಬರೆದು ಕಳಿಸಿ. ಕತ್ತಲೆಯ ಅಂಕಿ ಇಷ್ಟು, ತುಂಬಿದ ಅಂಕಿ ಇಷ್ಟು, ಚೌಕಾಬಾರದ ಮನೆ ಈ ಕ್ರಮದಲ್ಲಿವೆ, ಬಲ್ಬಿನ ಹಳದಿ ಬೆಳಕಿನಲ್ಲಿ ಬಣ್ಣದ ಲೆಕ್ಕ ಇದು, ಹಗಲು ಬೆಳಕಿನಲ್ಲಿ ಇದು. ಸೊಸೆ ಜೊತೆಗೇ ತವರಿನ ಅಡುಗೆ ಪುಸ್ತಕ ಕಳಿಸಿದ ಹಾಗೆ! ಆಗ ಸಾಫ್ಟ್‌ವೇರಿಗೆ ಕ್ಯಾಮೆರಾದ ಹೆಸರು ಗೊತ್ತಿರಬೇಕಾಗಿಯೇ ಇಲ್ಲ. ನಿನ್ನೆ ಹುಟ್ಟಿದ ಕ್ಯಾಮೆರಾದ ಫೈಲನ್ನೂ ಹಳೇ ಪ್ರೋಗ್ರಾಮ್ ಓದಬಹುದು. ವಿವರಣೆ ಎಲ್ಲರಿಗೂ ಬಹಿರಂಗ, ಬಳಸೋಕೆ ದುಡ್ಡು ಕೊಡಬೇಕಿಲ್ಲ. ಬೇರೆ ರಾ ಫೈಲುಗಳನ್ನ ಡಿಎನ್‌ಜಿ ಮಾಡೋ ಪರಿವರ್ತಕವೂ ಪುಕ್ಕಟೆ. ಅದರಲ್ಲಿ ಎಷ್ಟು ಹಳೇ ಕ್ಯಾಮೆರಾ ರಾ ಆವೃತ್ತಿಗೆ ಹೊಂದಬೇಕು ಅಂತ ಆರಿಸೋ ಒಂದು ಗುಂಡಿಯೂ ಇದೆ.

ಒಂದು ರೀತಿಯಲ್ಲಿ ಇದು ರಾ ಫೈಲಿನ ಸಿ-41. ಲೈಕಾ ಒಪ್ಪಿಕೊಂಡಿತು. ಪೆಂಟಾಕ್ಸ್, ರಿಕೋ ಒಪ್ಪಿಕೊಂಡವು. 2014ರಲ್ಲಿ ಆಂಡ್ರಾಯ್ಡ್ 5.0, 2016ರಲ್ಲಿ ಐಒಎಸ್ 10 ರಾ ಫೋಟೋಗೆ ಇದೇ ರೂಪ ಹಿಡಿದವು. ಆದ್ರೆ ಅಂಗಡಿಯಲ್ಲಿ ದೊಡ್ಡ ಕಪಾಟು ತುಂಬೋ ಕ್ಯಾನನ್, ನಿಕಾನ್, ಸೋನಿ ತಮ್ಮ ತಮ್ಮ ರೂಪಗಳಲ್ಲೇ ಉಳಿದವು. ಪ್ರತಿಸ್ಪರ್ಧಿಯೋ ಪಾಲುದಾರನೋ ಗೊತ್ತಾಗದ ಇನ್ನೊಂದು ಕಂಪನಿ ಬರೆದ ನಿಯಮಕ್ಕೆ ನಾವ್ಯಾಕೆ ತಲೆ ಕೊಡ್ಬೇಕು ಅನ್ನೋ ಯೋಚನೆಯೂ ಅದರಲ್ಲಿ ಇರಬಹುದು. ತಳ್ಳಿಹಾಕೋ ಮಾತಲ್ಲ ಅದು. 2012ರಲ್ಲಿ ಫ್ಯೂಜಿ ಎಕ್ಸ್-ಪ್ರೊ1 ತಂದಾಗ ಚೌಕಾಬಾರವನ್ನೇ ಬದಲಿಸಿ, 2ಕ್ಕೆ 2 ಮನೆಯ ಬದಲು 6ಕ್ಕೆ 6 ಮನೆಯ ಹೊಸ ಜೋಡಣೆ ಮಾಡಿತು. ಅದನ್ನು ಚೆನ್ನಾಗಿ ಬಿಡಿಸೋಕೆ ದೊಡ್ಡ ಸಾಫ್ಟ್‌ವೇರುಗಳೂ ತಿಣುಕಿದವು. 2018ರಲ್ಲಿ ಕ್ಯಾನನ್ ಎಂ50 ಜೊತೆ ಸಿಆರ್3 ತಂತು. ಈ ಸಲ ಟಿಫ್ ಹೊರಬಾಗಿಲೂ ಇಲ್ಲ, ವಿಡಿಯೋ ಫೈಲಿನ ರಚನೆಯ ಮೇಲೆ ಕಟ್ಟಿದ್ದು. ಸ್ವಯಂಸೇವಕರು ಮತ್ತೆ ಮೊದಲಿನಿಂದ ಅಂಕಿ ದಿಟ್ಟಿಸಿ ನೋಡೋಕೆ ಕೂತರು.

ಇದನ್ನೆಲ್ಲ ಓದುವಾಗ ನನಗೆ ಪದೇ ಪದೇ ನೆನಪಾದದ್ದು ನಮ್ಮ ಕನ್ನಡದ್ದೇ ಕಥೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಜಾಗ ಇದೆ. ಆದರೂ ಎಷ್ಟೋ ವರ್ಷ ನಮ್ಮ ಪತ್ರಿಕೆ, ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಟೈಪ್ ಆದದ್ದು ಆಯಾ ಸಾಫ್ಟ್‌ವೇರಿನ ಸ್ವಂತ ಸಂಕೇತದಲ್ಲಿ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಬ್ರಾಕೆಟ್ಟುಗಳ ಕಲಸುಮೇಲೋಗರ. ನಿಮಗೂ ಅಂಥ ಇಮೇಲ್ ಬಂದಿರುತ್ತೆ. ಅಕ್ಷರ ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಅದನ್ನು ಓದೋ ನಿಘಂಟು ಮಾತ್ರ ನಿಮ್ಮ ಹತ್ರ ಇಲ್ಲ. ಅಲ್ಲೂ ಕೊನೆಗೆ ದಾರಿ ಮಾಡಿಕೊಟ್ಟವರಲ್ಲಿ ರಾತ್ರಿ ಕೂತು ಪರಿವರ್ತಕ ಬರೆದು ಪುಕ್ಕಟೆ ಹಂಚಿದ ಹುಡುಗರಿದ್ದಾರೆ.

ಇಲ್ಲಿ ಹೆದರಬೇಕಾದ್ದು ಇವತ್ತಿನ ಫೈಲ್ ಇವತ್ತು ತೆರೆಯಲಿಲ್ಲ ಅನ್ನೋದಕ್ಕಲ್ಲ. ಇವತ್ತು ಹೇಗೋ ದಾರಿ ಸಿಗುತ್ತೆ. ಇಪ್ಪತ್ತು ವರ್ಷ ಬಿಟ್ಟು ಏನು ಅನ್ನೋದು. 2006ರಲ್ಲಿ ಕೋನಿಕಾ ಮಿನೋಲ್ಟಾ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು, ಮುಂದಿನ ತಿಂಗಳು ಡಿಜಿಟಲ್ ಕ್ಯಾಮೆರಾ ಮಾಡೋದನ್ನ ನಿಲ್ಲಿಸ್ತೀವಿ ಅಂತು. ಅವರ ಕ್ಯಾಮೆರಾದಲ್ಲಿ ಯಾರದೋ ಮದುವೆ, ಯಾರದೋ ನಾಮಕರಣ ಸೆರೆಯಾಗಿದೆ. ಆ ಫೈಲುಗಳು ಇವತ್ತಿಗೂ ತೆರೀತವೆ ಅಂದ್ರೆ, ಕಾಫಿನ್ ಥರದವರು ಅದರ ಅರ್ಥವನ್ನ ಎಲ್ಲರಿಗೂ ಕಾಣೋ ಕಡೆ ಬರೆದಿಟ್ಟಿದ್ದು ಅದಕ್ಕೆ ದೊಡ್ಡ ಕಾರಣ. ಕಂಪನಿ ಹೋದರೂ ಬರೆದದ್ದು ಉಳೀತು.

ಇನ್ನು ನನ್ನ ನಾನೂರು ಫೋಟೋ. ನನ್ನ ಮುಂದೆ ಮೂರು ದಾರಿ ಇತ್ತು. ಒಂದು, ಹೊಸ ಸಾಫ್ಟ್‌ವೇರ್. ಇಎಂಐ ನೆನಪಾಗಿ ಕೈಬಿಟ್ಟೆ. ಎರಡನೆಯದು ಸ್ವಲ್ಪ ಕಿತಾಪತಿಯದ್ದು. ಫೈಲಿನ ಒಳಗೆ ಬರೆದಿರೋ ಕ್ಯಾಮೆರಾ ಮಾಡೆಲ್ ಹೆಸರನ್ನ ಎಕ್ಸಿಫ್‌ಟೂಲ್ ಅನ್ನೋ ಉಪಕರಣದಿಂದ ಬದಲಿಸಿ, ಅದರ ಅಣ್ಣನ, ಅಂದರೆ ಹಿಂದಿನ ಮಾಡೆಲ್ಲಿನ ಹೆಸರು ಹಾಕೋದು. ಎರಡರ ಸೆನ್ಸರ್ರೂ ಫೈಲ್ ರಚನೆಯೂ ಒಂದೇ ಥರ ಇದ್ದರೆ ಹಳೇ ಸಾಫ್ಟ್‌ವೇರ್ ನಂಬಿ ಬಾಗಿಲು ತೆಗೆಯುತ್ತೆ. ಎರಡು ಫೈಲಿನ ನಕಲು ಮಾಡಿ ಪ್ರಯತ್ನಿಸಿದೆ. ಬಾಗಿಲೇನೋ ತೆರೀತು, ಆದ್ರೆ ಅಕ್ಕನ ಹಸಿರು ಬಳೆ ಒಂಥರಾ ಪಾಚಿ ಬಣ್ಣಕ್ಕೆ ತಿರುಗಿತ್ತು. ಹೆಸರು ಅಣ್ಣನದು ಹೇಳಿದರೂ ಬಣ್ಣ ತಮ್ಮನದೇ ಅಲ್ವಾ!

ಮೂರನೆಯದು ಪರಿವರ್ತಕ. ರಾತ್ರಿ ಮಲಗೋ ಮುಂಚೆ ಎಲ್ಲಾ ಫೈಲುಗಳನ್ನ ಡಿಎನ್‌ಜಿ ಮಾಡೋಕೆ ಬಿಟ್ಟೆ, ಬೆಳಗ್ಗೆ ಎದ್ದಾಗ ಮುಗಿದಿತ್ತು. ಹಳೇ ಸಾಫ್ಟ್‌ವೇರ್ ಒಂದೂ ಮಾತಾಡದೆ ತೆರೀತು. ಬಳೆ ಹಸಿರಾಗಿತ್ತು. ಅಜ್ಜಿಯ ಕೈ ನಡುಗಿದ್ದು ಆರತಿಯ ದೀಪದಲ್ಲಿ ಸಣ್ಣ ಗೆರೆಯಾಗಿ ಉಳಿದಿತ್ತು. ಅದನ್ನ ತಿದ್ದೋಕೆ ಹೋಗಲಿಲ್ಲ.

ಅವತ್ತಿಂದ ನಾನು ಮೂರು ಪಾಠ ಇಟ್ಕೊಂಡಿದ್ದೀನಿ. ಕ್ಯಾಮೆರಾ ಕೊಳ್ಳೋ ಮುಂಚೆ ಅದರ ಫೈಲನ್ನ ನನ್ನ ಸಾಫ್ಟ್‌ವೇರಿನ ಯಾವ ಆವೃತ್ತಿ ಓದುತ್ತೆ ಅಂತ ನೋಡ್ತೀನಿ. ಮನೆಯ ಸಮಾರಂಭ ಅಂದ್ರೆ ರಾ ಜೊತೆ ಜೆಪೆಗ್ಗೂ ತೆಗೀತೀನಿ, ಹಿಟ್ಟಿನ ಜೊತೆ ನಾಲ್ಕು ದೋಸೆನೂ ಇರಲಿ ಅಂತ. ಮುಖ್ಯವಾದ ಫೋಟೋಗಳ ಡಿಎನ್‌ಜಿ ಪ್ರತಿ ಒಂದು ಮಾಡಿಡ್ತೀನಿ, ಮೂಲ ಫೈಲನ್ನ ಮಾತ್ರ ಯಾವತ್ತೂ ಅಳಿಸಲ್ಲ. ನಾಳೆ ಇನ್ನೂ ಒಳ್ಳೇ ಬೀಗದ ಕೈ ಬರಬಹುದು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಪ್ಪ ಕಪ್ಪು ಟ್ರಂಕಿನಿಂದ ಒಂದು ಲಕೋಟೆ ತೆಗೆದರು. ಒಳಗೆ ಅಕ್ಕನ ನಾಮಕರಣದ ನೆಗೆಟಿವ್ ಪಟ್ಟಿ. ಅದನ್ನು ತೊಳೆದ ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ ಆಯ್ತು, ಆ ಜಾಗದಲ್ಲೀಗ ಮೊಬೈಲ್ ರೀಚಾರ್ಜ್ ಅಂಗಡಿ ಇದೆ. ಅಪ್ಪ ಪಟ್ಟಿಯನ್ನ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, 'ನೋಡು, ಇದು ನಿಮ್ಮಜ್ಜಿ, ಇದು ತೊಟ್ಟಿಲು' ಅಂದರು. ಅಕ್ಕನ ಮಗಳು ನೆಗೆಟಿವ್ ಕಿತ್ಕೊಳ್ಳೋಕೆ ಕೈ ಚಾಚಿದಳು.

'ನೀನು ಸೀಮಂತದ ಫೋಟೋ ತೊಳೆಸಿದ್ಯಲ್ಲ, ಅದರ ನೆಗೆಟಿವ್ ಎಲ್ಲಿಟ್ಟಿದ್ದೀಯಾ?' ಅಂತ ಕೇಳಿದರು. ಎರಡು ಹಾರ್ಡ್ ಡಿಸ್ಕಿನಲ್ಲಿದೆ ಅಪ್ಪ, ಒಂದನ್ನ ಇಲ್ಲೇ ಬಿಟ್ಟು ಹೋಗ್ತೀನಿ ಅಂದೆ. ಅವರು ಅದನ್ನ ಲಕೋಟೆಯ ಪಕ್ಕದಲ್ಲೇ ಟ್ರಂಕಿನೊಳಗೆ ಇಟ್ಟರು.